ಹ್ಯಾಮರ್‌ಶೋಲ್ಡ್ ಕಡತ ಇನ್ನೂ ಮುಚ್ಚಿಲ್ಲ

ವಿಶ್ವಸಂಸ್ಥೆಯಲ್ಲಿ ಒಂದೇ ಹುದ್ದೆಗೆ ಸಂಬಂಧಪಟ್ಟ ಎರಡು ಕೆಲಸಗಳು ಬಾಕಿ ಉಳಿದಿವೆ. ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರೆಸ್ ಅವರ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುವುದರಿಂದ ಹತ್ತನೆಯ ಪ್ರಧಾನ ಕಾರ್ಯದರ್ಶಿಯನ್ನು ಆರಿಸಬೇಕಾಗಿರುವುದು ಮೊದಲನೆಯದು. 2025ರ ನವೆಂಬರ್ 25ರಂದು ಸಾಮಾನ್ಯ ಸಭೆ ಮತ್ತು ಭದ್ರತಾ ಮಂಡಳಿಯ ಅಧ್ಯಕ್ಷರು ಸದಸ್ಯ ರಾಷ್ಟ್ರಗಳಿಗೆ ಜಂಟಿ ಪತ್ರ ಬರೆದು ಹೆಸರುಗಳನ್ನು ಆಹ್ವಾನಿಸುವುದರೊಂದಿಗೆ ಆ ಕೆಲಸ ವಿಧ್ಯುಕ್ತವಾಗಿ ಶುರುವಾಗಿದೆ. ಎರಡನೆಯದು ಅಷ್ಟಾಗಿ ಸುದ್ದಿಯಾಗದ್ದು: ಎರಡನೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಸ್ವೀಡನ್ನಿನ ರಾಜತಾಂತ್ರಿಕ ಡಾಗ್ ಹ್ಯಾಮರ್‌ಶೋಲ್ಡ್ ಅವರು 1961ರ ಸೆಪ್ಟೆಂಬರ್‌ನಲ್ಲಿ, ಆಫ್ರಿಕಾದ ಕಾಡಿನಲ್ಲಿ ವಿಮಾನ ಬಿದ್ದು ಸತ್ತದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು. ಆರು ದಶಕ ಕಳೆದರೂ ಆ ಪ್ರಶ್ನೆ ಸಾಮಾನ್ಯ ಸಭೆಯ ಕಾರ್ಯಸೂಚಿಯಿಂದ ಜಾರಿಲ್ಲ. ಪತ್ರಿಕೆಗಳಲ್ಲಿ ಈ ಎರಡೂ ಬೇರೆ ಬೇರೆ ಪುಟಗಳ ಸುದ್ದಿಗಳು. ಆದರೆ ಹೊಸಬರ ಆಯ್ಕೆಯಲ್ಲಿ ಯಾರ ಮಾತು ಕೊನೆಯದೋ ಅವರಲ್ಲೇ ಕೆಲವರ ದಾಖಲೆ ಕೋಣೆಯ ಬಾಗಿಲನ್ನು ಹಳಬರ ಸಾವಿನ ತನಿಖೆ ಇಂದಿಗೂ ತಟ್ಟುತ್ತಿದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಓದಿದರೆ ಈ ಹುದ್ದೆ ಎಂಥದು ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಹ್ಯಾಮರ್‌ಶೋಲ್ಡ್ ಹುಟ್ಟಿದ್ದು 1905ರ ಜುಲೈ 29ರಂದು, ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ. ಬೆಳೆದದ್ದು ಉಪ್ಸಾಲಾ ಕೋಟೆಯಲ್ಲಿ, ಏಕೆಂದರೆ ತಂದೆ ಯಾಲ್ಮಾರ್ ಆ ಪ್ರಾಂತ್ಯದ ಗವರ್ನರ್ ಆಗಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ, 1914ರಿಂದ 1917ರವರೆಗೆ, ಅದೇ ಯಾಲ್ಮಾರ್ ದೇಶದ ಪ್ರಧಾನಿಯಾಗಿದ್ದು ಎರಡೂ ಬಣಗಳಿಂದ ದೂರ ಉಳಿಯುವ ಹಟ ಹಿಡಿದಿದ್ದರು. ಆಹಾರದ ಅಭಾವ ತಲೆದೋರಿದಾಗ ಜನ ಅವರ ಮನೆತನದ ಹೆಸರನ್ನೇ ತಿರುಚಿ, ಹಸಿವು ಎಂಬರ್ಥದ ಪದವನ್ನು ಅದಕ್ಕೆ ಅಂಟಿಸಿ 'ಹುಂಗೆರ್‌ಶೋಲ್ಡ್' ಎಂದು ಕರೆದರು. ತಟಸ್ಥನಾಗಿರುವವನು ಎಲ್ಲರಿಗೂ ಬೇಡವಾಗುವುದು ಹೇಗೆ ಎಂಬುದನ್ನು ಮಗ ಮನೆಯಲ್ಲೇ ನೋಡಿದ್ದ. ಮುಂದೆ ಆತ ಓದಿದ್ದು ಅರ್ಥಶಾಸ್ತ್ರ ಮತ್ತು ಕಾನೂನು. 1936ರಿಂದ 1945ರವರೆಗೆ ಹಣಕಾಸು ಸಚಿವಾಲಯದ ಕಾರ್ಯದರ್ಶಿಯಾಗಿ, 1941ರಿಂದ 1948ರವರೆಗೆ ಸ್ವೀಡನ್ನಿನ ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಯ ಅಧ್ಯಕ್ಷರಾಗಿ, ಅಂದರೆ ಕೆಲ ವರ್ಷ ಎರಡೂ ಕುರ್ಚಿಗಳಲ್ಲಿ ಒಟ್ಟಿಗೇ ಕೂತು ಕೆಲಸ ಮಾಡಿದರು. ಸೋಷಿಯಲ್ ಡೆಮಾಕ್ರಾಟ್ ಸರ್ಕಾರಗಳಲ್ಲಿ ದುಡಿದು, 1951ರಲ್ಲಿ ಖಾತೆಯಿಲ್ಲದ ಸಚಿವರಾದರೂ ಯಾವ ಪಕ್ಷದ ಸದಸ್ಯತ್ವವನ್ನೂ ಪಡೆಯಲಿಲ್ಲ.

1953ರಲ್ಲಿ ಅವರ ಹೆಸರು ಮೇಲೆ ಬಂದ ಬಗೆ ಇವತ್ತಿನ ಆಯ್ಕೆಗೂ ಪಾಠವಾಗುವಂಥದು. ಮೊದಲ ಪ್ರಧಾನ ಕಾರ್ಯದರ್ಶಿ, ನಾರ್ವೆಯ ಟ್ರಿಗ್ವೆ ಲೀ, ಕೊರಿಯಾ ಯುದ್ಧದ ವಿಷಯದಲ್ಲಿ ಸೋವಿಯತ್ ಒಕ್ಕೂಟದ ಕಣ್ಣಿಗೆ ಮುಳ್ಳಾಗಿ ರಾಜೀನಾಮೆ ಘೋಷಿಸಿದ್ದರು. ಕೆನಡಾದ ಲೆಸ್ಟರ್ ಪಿಯರ್ಸನ್ ಅವರ ಹೆಸರಿಗೆ ಹನ್ನೊಂದು ಸದಸ್ಯರ ಮಂಡಳಿಯಲ್ಲಿ ಒಂಬತ್ತು ಮತ ಬಿದ್ದರೂ ಸೋವಿಯತ್ ವಿಟೋ, ಅಂದರೆ ಒಂದೇ ಮತದಿಂದ ತಡೆಯುವ ಅಧಿಕಾರ, ಅಡ್ಡಬಂತು. ಸೋವಿಯತ್ ಬಣ ಮುಂದಿಟ್ಟ ವಿಜಯಲಕ್ಷ್ಮಿ ಪಂಡಿತ್ ಅವರ ಹೆಸರಿಗೆ ಪರವಾಗಿ ಎರಡು, ವಿರುದ್ಧವಾಗಿ ಒಂದು ಮತ ಬಿದ್ದು, ಎಂಟು ರಾಷ್ಟ್ರಗಳು ತಟಸ್ಥವಾದವು. (ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವರೇ ಸಾಮಾನ್ಯ ಸಭೆಯ ಮೊದಲ ಮಹಿಳಾ ಅಧ್ಯಕ್ಷೆಯಾದರು; ಪ್ರಧಾನ ಕಾರ್ಯದರ್ಶಿಯ ಕುರ್ಚಿಯಲ್ಲಿ ಈವರೆಗೂ ಒಬ್ಬ ಹೆಂಗಸು ಕೂತಿಲ್ಲ.) ಎಲ್ಲರೂ ದಣಿದ ಮೇಲೆ, ಯಾರಿಗೂ ತೀರಾ ಬೇಡವಾಗಿಲ್ಲದ, ಲೆಕ್ಕಪತ್ರ ಬಲ್ಲ, ಬಾಯಿ ಬಿಗಿಹಿಡಿಯುವ ಒಬ್ಬ ಸ್ವೀಡಿಷ್ ಅಧಿಕಾರಿಯ ಹೆಸರಿಗೆ ಮಾರ್ಚ್ 31ರಂದು ಹತ್ತು ಮತಗಳು ಬಂದವು. ಸುದ್ದಿ ಸ್ಟಾಕ್‌ಹೋಮ್ ತಲುಪಿದಾಗ ಏಪ್ರಿಲ್ ಒಂದಾಗಿತ್ತು. ಹ್ಯಾಮರ್‌ಶೋಲ್ಡ್ ಅದನ್ನು ಮೂರ್ಖರ ದಿನದ ತಮಾಷೆ ಎಂದುಕೊಂಡರಂತೆ. ಏಪ್ರಿಲ್ 7ರಂದು ಸಾಮಾನ್ಯ ಸಭೆ 57 ಮತಗಳಿಂದ ಅವರನ್ನು ನೇಮಿಸಿತು. ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಬರಮಾಡಿಕೊಂಡ ಲೀ, ಇದು ಭೂಮಿಯ ಮೇಲಿನ ಅತ್ಯಂತ ಅಸಾಧ್ಯವಾದ ನೌಕರಿ ಎಂದು ಎಚ್ಚರಿಸಿದರು. ದೊಡ್ಡ ರಾಷ್ಟ್ರಗಳಿಗೆ ಬೇಕಾಗಿದ್ದದ್ದು ಕಡತ ನೋಡಿಕೊಳ್ಳುವ ಒಬ್ಬ ಅಚ್ಚುಕಟ್ಟಾದ ಗುಮಾಸ್ತ.

ಗುಮಾಸ್ತನ ಕೆಲಸದಿಂದಲೇ ಅವರು ಆರಂಭಿಸಿದರು ಎಂಬುದು ಗಮನಿಸಬೇಕಾದ ಸಂಗತಿ. ಅಮೆರಿಕದಲ್ಲಿ ಕಮ್ಯುನಿಸ್ಟ್ ಬೇಟೆ ಜೋರಾಗಿದ್ದ ದಿನಗಳವು. ವಿಶ್ವಸಂಸ್ಥೆಯ ಅಮೆರಿಕನ್ ನೌಕರರನ್ನು ವಿಚಾರಿಸಲು, ಬೆರಳಚ್ಚು ಪಡೆಯಲು ಎಫ್‌ಬಿಐ ಅಧಿಕಾರಿಗಳು ಕಟ್ಟಡದೊಳಗೇ ಕೂರಲು ಲೀ ಒಪ್ಪಿದ್ದರು. ಹೊಸ ಪ್ರಧಾನ ಕಾರ್ಯದರ್ಶಿ ಅದೇ ವರ್ಷದ ನವೆಂಬರ್‌ನಲ್ಲಿ ಅವರನ್ನು ಹೊರಗೆ ಕಳಿಸಿದರು. ಇದಕ್ಕೆ ಅವರು ಹಿಡಿದ ಆಧಾರ ವಿಶ್ವಸಂಸ್ಥೆಯ ಮೂಲ ಒಪ್ಪಂದವಾದ ಸನ್ನದಿನ 100ನೇ ವಿಧಿ: ಸಂಸ್ಥೆಯ ಸಿಬ್ಬಂದಿ ಯಾವ ಸರ್ಕಾರದಿಂದಲೂ ಸೂಚನೆ ಪಡೆಯಕೂಡದು, ಯಾವ ಸರ್ಕಾರವೂ ಅವರ ಮೇಲೆ ಪ್ರಭಾವ ಬೀರಕೂಡದು. ಅವರ ಮುಂದಿನ ಎಂಟು ವರ್ಷಗಳನ್ನು ಈ ಒಂದು ವಿಧಿಯ ವ್ಯಾಖ್ಯಾನವೆಂದೇ ಓದಬಹುದು.

ಅವರ ಸ್ವಭಾವ ತಿಳಿಯಬೇಕಾದವರು ನ್ಯೂಯಾರ್ಕಿನ ಪ್ರಧಾನ ಕಚೇರಿಯ ಧ್ಯಾನದ ಕೋಣೆಗೆ ಹೋಗಬೇಕು. 1957ರಲ್ಲಿ ಅವರೇ ಮುತುವರ್ಜಿ ವಹಿಸಿ ಹೊಸದಾಗಿ ರೂಪಿಸಿದ ಸಣ್ಣ ಕೋಣೆ ಅದು. ದೇವರ ಪಟವಿಲ್ಲ, ಧರ್ಮದ ಚಿಹ್ನೆಯಿಲ್ಲ. ನಡುವೆ ಸ್ವೀಡನ್ನಿನಿಂದ ತರಿಸಿದ, ಸುಮಾರು ಆರೂವರೆ ಟನ್ ತೂಕದ ಕಬ್ಬಿಣದ ಅದಿರಿನ ಒಂದು ಬಂಡೆ. ನಯಗೊಳಿಸಿದ ಅದರ ಮೇಲ್ಮೈಗೆ ಸೂರಿನಿಂದ ಒಂದೇ ಒಂದು ಬೆಳಕಿನ ಕಿರಣ. ಕಬ್ಬಿಣದಿಂದ ಕತ್ತಿಯನ್ನೂ ಮಾಡಬಹುದು, ನೇಗಿಲನ್ನೂ ಮಾಡಬಹುದು ಎಂಬ ವಿಚಾರ ಅದರ ಹಿಂದಿತ್ತು. ಮದುವೆಯಾಗದ, ಹೆಚ್ಚು ಗೆಳೆಯರಿಲ್ಲದ ಈ ಮನುಷ್ಯನ ಖಾಸಗಿ ದಿನಚರಿ ಸಾವಿನ ನಂತರ ಅವರ ಮನೆಯಲ್ಲಿ ಸಿಕ್ಕಿ 1963ರಲ್ಲಿ ಅಚ್ಚಾಯಿತು. ಓದುಗರಿಗೆ ಅಚ್ಚರಿಯಾದದ್ದು, ಅದರಲ್ಲಿ ತಾನು ಭೇಟಿಯಾದ ನಾಯಕರ ಬಗ್ಗೆಯಾಗಲಿ ನಡೆಸಿದ ಸಂಧಾನಗಳ ಬಗ್ಗೆಯಾಗಲಿ ಅವರು ನೇರವಾಗಿ ಏನನ್ನೂ ಬರೆದಿಟ್ಟಿರಲಿಲ್ಲ.

ಅವರ ಮೊದಲ ದೊಡ್ಡ ಪರೀಕ್ಷೆ ಚೀನಾದಲ್ಲಿ ನಡೆಯಿತು. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ 11 ಅಮೆರಿಕನ್ ವಾಯುಪಡೆ ಸಿಬ್ಬಂದಿಗೆ ಬೀಜಿಂಗ್ ಗೂಢಚರ್ಯೆಯ ಆರೋಪದ ಮೇಲೆ ಶಿಕ್ಷೆ ವಿಧಿಸಿತ್ತು. 1954ರ ಡಿಸೆಂಬರ್‌ನಲ್ಲಿ ಸಾಮಾನ್ಯ ಸಭೆ ಚೀನಾವನ್ನು ಖಂಡಿಸುವ ನಿರ್ಣಯವನ್ನು ಅಂಗೀಕರಿಸಿ, ಅದೇ ನಿರ್ಣಯದಲ್ಲಿ ಅವರನ್ನು ಬಿಡಿಸಿಕೊಂಡು ಬರುವಂತೆ ಪ್ರಧಾನ ಕಾರ್ಯದರ್ಶಿಗೆ ಹೇಳಿತು. ಬೈದು ಕಳಿಸಿದ ಮೇಲೆ ಮಾತುಕತೆಗೆ ಕೂರುವವರು ಯಾರು? ಅದೂ ಆಗಿನ ಬೀಜಿಂಗ್ ಸರ್ಕಾರಕ್ಕೆ ವಿಶ್ವಸಂಸ್ಥೆಯಲ್ಲಿ ಸ್ಥಾನವೇ ಇರಲಿಲ್ಲ. ತಾನು ಬರುತ್ತಿರುವುದು ಆ ನಿರ್ಣಯದ ದೂತನಾಗಿ ಅಲ್ಲ, ಸನ್ನದು ತನ್ನ ಹುದ್ದೆಗೆ ಕೊಟ್ಟ ಹೊಣೆಯ ಮೇಲೆ ಎಂದು ಹ್ಯಾಮರ್‌ಶೋಲ್ಡ್ ಹೇಳಿಕೊಂಡರು. ವಕೀಲರ ಜಾಣ್ಮೆಯಂತೆ ಕಾಣುವ ಈ ಸಣ್ಣ ವ್ಯತ್ಯಾಸವೇ ಚೀನಾದ ಪ್ರಧಾನಿ ಝೌ ಎನ್‌ಲೈ ಅವರ ಬಾಗಿಲು ತೆರೆಸಿತು. 1950ರಲ್ಲೇ ಕಮ್ಯುನಿಸ್ಟ್ ಚೀನಾವನ್ನು ಮಾನ್ಯ ಮಾಡಿದ್ದ ಸ್ವೀಡನ್ನಿನವರು ಅವರೆಂಬುದೂ ನೆರವಾಗಿರಬೇಕು. 1955ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ಮಾತುಕತೆ ನಡೆಯಿತು. ಬಿಡುಗಡೆಯ ಘೋಷಣೆ ಆಗಸ್ಟ್ ಒಂದರಂದು, ಅವರ 50ನೇ ಹುಟ್ಟುಹಬ್ಬದ ಬೆನ್ನಿಗೇ ಬಂತು. 'ಸದ್ದಿಲ್ಲದ ರಾಜತಾಂತ್ರಿಕತೆ' ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡದ್ದು ಇಲ್ಲಿಂದ.

ಮರುವರ್ಷ ಸೂಯೆಜ್ ಬಿಕ್ಕಟ್ಟು. ಈಜಿಪ್ಟಿನ ಮೇಲೆ ಇಸ್ರೇಲ್, ಬ್ರಿಟನ್, ಫ್ರಾನ್ಸ್ ಸೇರಿ ದಾಳಿ ಮಾಡಿದಾಗ, ವಿಟೋ ಅಧಿಕಾರವಿದ್ದ ಎರಡು ರಾಷ್ಟ್ರಗಳೇ ದಾಳಿಕೋರರಾಗಿದ್ದರಿಂದ ಭದ್ರತಾ ಮಂಡಳಿಯ ಕೈ ಕಟ್ಟಿಹೋಯಿತು. ವಿಷಯ ಸಾಮಾನ್ಯ ಸಭೆಗೆ ಹೋಯಿತು. ನವೆಂಬರ್ 4ರಂದು ಸಭೆ ಒಂದು ಅಂತಾರಾಷ್ಟ್ರೀಯ ಪಡೆಯ ಯೋಜನೆಯನ್ನು 48 ಗಂಟೆಗಳಲ್ಲಿ ಕೊಡಿ ಎಂದು ಹ್ಯಾಮರ್‌ಶೋಲ್ಡ್ ಅವರಿಗೆ ಹೇಳಿತು. ಕಲ್ಪನೆ ಪಿಯರ್ಸನ್ ಅವರದು. ಅದಕ್ಕೆ ನಿಯಮಗಳ ಮೂಳೆ-ಮಾಂಸ ತುಂಬಿದವರು ಹ್ಯಾಮರ್‌ಶೋಲ್ಡ್. ಆತಿಥೇಯ ರಾಷ್ಟ್ರದ ಒಪ್ಪಿಗೆ ಬೇಕು, ಯಾವ ಕಡೆಗೂ ವಾಲಕೂಡದು, ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸಕೂಡದು ಎಂಬ, ಇಂದಿಗೂ ಶಾಂತಿಪಾಲನೆಯ ಅಡಿಗಲ್ಲಾಗಿರುವ ತತ್ತ್ವಗಳು ಆ ಗಡಿಬಿಡಿಯಲ್ಲೇ ಆಕಾರ ಪಡೆದವು. ನವೆಂಬರ್ 15ಕ್ಕೆ ಮೊದಲ ತುಕಡಿ ಈಜಿಪ್ಟಿಗೆ ಬಂದಿಳಿಯಿತು. ಮುಂದೆ ಭಾರತವೂ ಅದಕ್ಕೆ ದೊಡ್ಡ ಸಂಖ್ಯೆಯಲ್ಲಿ ಸೈನಿಕರನ್ನು ಕೊಟ್ಟಿತು.

ವಿಶ್ವಸಂಸ್ಥೆಯ ಶಾಂತಿಪಾಲಕರ, ನೀಲಿ ಟೋಪಿಯ ಈ ಪರಂಪರೆಯಲ್ಲಿ ಕೊಡಗಿನ ಹೆಸರೊಂದು ತಾನಾಗಿಯೇ ಬರುತ್ತದೆ. ಹ್ಯಾಮರ್‌ಶೋಲ್ಡ್ ಅಧಿಕಾರಕ್ಕೆ ಬಂದ 1953ರಲ್ಲೇ ಕೊರಿಯಾದ ಯುದ್ಧಕೈದಿಗಳ ಹಸ್ತಾಂತರಕ್ಕೆ ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಗಿತ್ತು. ಸ್ವೀಡನ್ ಅದರ ಸದಸ್ಯ, ಅಧ್ಯಕ್ಷ ಜನರಲ್ ಕೆ. ಎಸ್. ತಿಮ್ಮಯ್ಯ. ಊರಿಗೆ ಮರಳಲು ಒಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳನ್ನು, ಎರಡೂ ಬಣಗಳ ಬೈಗುಳ ಕೇಳುತ್ತ, ಕಾಯಬೇಕಾದ ಕೆಲಸ ಅದು. ಅದೇ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಬಳಿಕ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಯ ದಂಡನಾಯಕರಾಗಿ ಹೋಗಿ, 1965ರ ಡಿಸೆಂಬರ್‌ನಲ್ಲಿ ಕರ್ತವ್ಯದಲ್ಲಿರುವಾಗಲೇ ತೀರಿಕೊಂಡರು.

ಕಾಂಗೋಕ್ಕೆ ಬರೋಣ. ಬೆಲ್ಜಿಯಂನ ವಸಾಹತಾಗಿದ್ದ ಆ ವಿಶಾಲ ದೇಶ 1960ರ ಜೂನ್ 30ರಂದು ಸ್ವತಂತ್ರವಾಯಿತು. ವಾರ ಕಳೆಯುವುದರೊಳಗೆ ಸೈನ್ಯ ದಂಗೆಯೆದ್ದಿತು, ಬೆಲ್ಜಿಯಂ ಸೈನಿಕರು ಮತ್ತೆ ನುಗ್ಗಿದರು, ತಾಮ್ರ ಮತ್ತು ಕೋಬಾಲ್ಟ್ ಗಣಿಗಳ ಪ್ರಾಂತ್ಯವಾದ ಕಟಾಂಗ ಜುಲೈ 11ರಂದು ಮೊಯಿಸ್ ಶೋಂಬೆಯ ನೇತೃತ್ವದಲ್ಲಿ ಬೇರೆಯಾಗಿರುವುದಾಗಿ ಘೋಷಿಸಿಕೊಂಡಿತು. ಆಗ ಹ್ಯಾಮರ್‌ಶೋಲ್ಡ್ ಸನ್ನದಿನ 99ನೇ ವಿಧಿಯನ್ನು ಹಿಡಿದರು. ಶಾಂತಿಗೆ ಅಪಾಯವೆಂದು ತನಗೆ ಕಂಡದ್ದನ್ನು ಭದ್ರತಾ ಮಂಡಳಿಯ ಗಮನಕ್ಕೆ ತಾನೇ ತರುವ ಅಧಿಕಾರವನ್ನು ಪ್ರಧಾನ ಕಾರ್ಯದರ್ಶಿಗೆ ಕೊಡುವ ವಿಧಿ ಅದು. ಜುಲೈ 13ರ ರಾತ್ರಿ ಸೇರಿದ ಮಂಡಳಿ ಮರುದಿನ ನಸುಕಿಗೆ ಎಂಟು ಮತಗಳಿಂದ ನಿರ್ಣಯ ಅಂಗೀಕರಿಸಿತು. ಬ್ರಿಟನ್, ಫ್ರಾನ್ಸ್ ಮತ್ತು ಆಗ ತೈವಾನ್ ಸರ್ಕಾರ ಪ್ರತಿನಿಧಿಸುತ್ತಿದ್ದ ಚೀನಾ ತಟಸ್ಥವಾಗಿದ್ದವೇ ಹೊರತು ಅಡ್ಡಗಟ್ಟಲಿಲ್ಲ. ಜುಲೈ 15ಕ್ಕೆ ಮೊದಲ ಸೈನಿಕರು ರಾಜಧಾನಿ ಲಿಯೋಪೋಲ್ಡ್‌ವಿಲ್‌ನಲ್ಲಿ, ಈಗಿನ ಕಿನ್ಶಾಸಾದಲ್ಲಿ, ಇದ್ದರು. ಆ ಪಡೆ ಬೆಳೆದು ಇಪ್ಪತ್ತು ಸಾವಿರದ ಹತ್ತಿರ ಮುಟ್ಟಿತು.

ಇಲ್ಲಿಂದ ಮುಂದೆ ಅವರ ದಾಖಲೆ ಕಳಂಕರಹಿತವಲ್ಲ, ಮತ್ತು ಅವರ ಅಭಿಮಾನಿಗಳು ಈ ಭಾಗವನ್ನು ಅವಸರದಲ್ಲಿ ದಾಟುವುದು ಸರಿಯಲ್ಲ. ಕಟಾಂಗವನ್ನು ಬಲದಿಂದ ಮಣಿಸಿ ಎಂದು ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಕೇಳಿದಾಗ, ಆಂತರಿಕ ಜಗಳದಲ್ಲಿ ವಿಶ್ವಸಂಸ್ಥೆ ಪಕ್ಷ ವಹಿಸದು ಎಂಬ ನಿಯಮ ಅಡ್ಡಬಂತು. ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಕಸವುಬು ಲುಮುಂಬಾರನ್ನು ವಜಾ ಮಾಡಿದಾಗ ಮಾತ್ರ ಅಲ್ಲಿದ್ದ ವಿಶ್ವಸಂಸ್ಥೆಯ ಅಧಿಕಾರಿಗಳು ವಿಮಾನ ನಿಲ್ದಾಣಗಳನ್ನೂ ರೇಡಿಯೋ ಕೇಂದ್ರವನ್ನೂ ಮುಚ್ಚಿಸಿದರು. ಹೊರಗಿನ ನೆರವನ್ನೂ ಜನರಿಗೆ ತನ್ನ ದನಿ ಮುಟ್ಟಿಸುವ ದಾರಿಯನ್ನೂ ಅದರಿಂದ ಕಳೆದುಕೊಂಡದ್ದು ಮುಖ್ಯವಾಗಿ ಲುಮುಂಬಾ. 1961ರ ಜನವರಿ 17ರಂದು ಅವರನ್ನು ಕಟಾಂಗಕ್ಕೆ ಸಾಗಿಸಿ ಕೊಲ್ಲಲಾಯಿತು. ಇಪ್ಪತ್ತು ಸಾವಿರ ಸೈನಿಕರಿದ್ದ ನಾಡಿನಲ್ಲಿ ಚುನಾಯಿತ ಪ್ರಧಾನಿಯೊಬ್ಬನ ಜೀವ ಉಳಿಯಲಿಲ್ಲ ಎಂಬ ಆಪಾದನೆಗೆ ತೃಪ್ತಿಕರ ಉತ್ತರ ಇಂದಿಗೂ ಇಲ್ಲ. ಹ್ಯಾಮರ್‌ಶೋಲ್ಡ್ ಅವರ ಪ್ರತಿನಿಧಿಯಾಗಿ ಅಲ್ಲಿದ್ದ ಭಾರತದ ರಾಜೇಶ್ವರ್ ದಯಾಳ್ ಅವರ ಮೇಲೆ ಪಶ್ಚಿಮದ ರಾಷ್ಟ್ರಗಳಿಗೂ ಕಸವುಬುಗೂ ಅಸಮಾಧಾನವಿತ್ತು. 1961ರ ಮೇ ತಿಂಗಳಲ್ಲಿ ದಯಾಳ್ ಹುದ್ದೆ ಬಿಡಬೇಕಾಯಿತು. 100ನೇ ವಿಧಿಯನ್ನು ಎತ್ತಿಹಿಡಿದವರಿಗೂ ತನ್ನ ಅಧಿಕಾರಿಯನ್ನು ಉಳಿಸಿಕೊಳ್ಳಲಾಗಲಿಲ್ಲ.

ಇನ್ನೊಂದು ಕಡೆಯಿಂದ ಸೋವಿಯತ್ ನಾಯಕ ಕ್ರುಶ್ಚೇವ್ ಕೆಂಡಕಾರುತ್ತಿದ್ದರು. ಒಬ್ಬ ಪ್ರಧಾನ ಕಾರ್ಯದರ್ಶಿಯ ಬದಲು ಮೂರು ಬಣಗಳ ಮೂವರು ಇರಲಿ, ಹ್ಯಾಮರ್‌ಶೋಲ್ಡ್ ರಾಜೀನಾಮೆ ಕೊಡಲಿ ಎಂಬುದು ಅವರ ಪಟ್ಟು. 1960ರ ಅಕ್ಟೋಬರ್ 3ರಂದು ಸಾಮಾನ್ಯ ಸಭೆಯಲ್ಲಿ ಬಂದ ಉತ್ತರದ ಸಾರ ಇಷ್ಟು: ರಕ್ಷಣೆಗಾಗಿ ವಿಶ್ವಸಂಸ್ಥೆ ಬೇಕಾಗಿರುವುದು ಸೋವಿಯತ್ ಒಕ್ಕೂಟಕ್ಕೋ ಬೇರೆ ದೊಡ್ಡ ಶಕ್ತಿಗಳಿಗೋ ಅಲ್ಲ, ಉಳಿದೆಲ್ಲರಿಗೆ, ಆ ಉಳಿದವರು ಬಯಸುವವರೆಗೂ ನಾನು ಹುದ್ದೆಯಲ್ಲಿರುತ್ತೇನೆ. ಸಭಾಂಗಣ ಎದ್ದುನಿಂತು ಚಪ್ಪಾಳೆ ತಟ್ಟಿತು, ಕ್ರುಶ್ಚೇವ್ ಮೇಜು ಗುದ್ದಿದರು. ತಟಸ್ಥ ದೇಶಗಳಿರಬಹುದು, ತಟಸ್ಥ ಮನುಷ್ಯರಿಲ್ಲ ಎಂದಿದ್ದ ಅದೇ ಕ್ರುಶ್ಚೇವ್‌ಗೆ 1961ರ ಮೇ 30ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಹ್ಯಾಮರ್‌ಶೋಲ್ಡ್ ಮತ್ತೆ ಉತ್ತರಿಸಿದರು: ಅಂತಾರಾಷ್ಟ್ರೀಯ ನೌಕರನಿಗೂ ಒಲವು-ನಿಲುವುಗಳಿರುತ್ತವೆ, ಆದರೆ ಅವನ್ನು ಅರಿತು ತನ್ನ ಕೆಲಸದ ದಾರಿಗೆ ಬರದಂತೆ ತಡೆಯುವುದು ಅವನ ಪ್ರಾಮಾಣಿಕತೆಗೆ ಸೇರಿದ ವಿಷಯ.

1961ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಪಡೆ ಕಟಾಂಗದಲ್ಲಿ ಆರಂಭಿಸಿದ ಕಾರ್ಯಾಚರಣೆಯ ಹೆಸರು 'ಮೋರ್ಥೋರ್'. ಹಿಂದಿಯಿಂದ ಬಂದ ಹೆಸರು. ತಿರುಚಿ ಮುರಿ ಎಂದು ಅರ್ಥ. ಬ್ರಿಗೇಡಿಯರ್ ಕೆ. ಎ. ಎಸ್. ರಾಜಾ ಅವರ ಭಾರತೀಯ ಬ್ರಿಗೇಡ್ ಅದರ ಮುಂಚೂಣಿಯಲ್ಲಿತ್ತು. ಲೆಕ್ಕಾಚಾರ ತಪ್ಪಿ, ಬಾಡಿಗೆ ಸೈನಿಕರ ಪ್ರತಿರೋಧ ಜೋರಾಗಿ, ಕಟಾಂಗದ ಒಂದೇ ಒಂದು ಫೂಗಾ ಜೆಟ್ ವಿಮಾನ ಆಕಾಶದಿಂದ ಕಾಡತೊಡಗಿದಾಗ, ಅದೇ ದಿನ ಲಿಯೋಪೋಲ್ಡ್‌ವಿಲ್‌ಗೆ ಬಂದಿಳಿದ ಹ್ಯಾಮರ್‌ಶೋಲ್ಡ್ ಕದನವಿರಾಮಕ್ಕಾಗಿ ಶೋಂಬೆಯನ್ನು ಖುದ್ದಾಗಿ ಕಾಣಲು ನಿರ್ಧರಿಸಿದರು. ಭೇಟಿಯ ಜಾಗ ಬ್ರಿಟಿಷ್ ಆಡಳಿತದ ಉತ್ತರ ರೊಡೇಷಿಯಾದ, ಈಗಿನ ಜಾಂಬಿಯಾದ ಎನ್‌ಡೋಲಾ. ಆ ಜೆಟ್‌ನ ಭಯಕ್ಕೇ ಅವರ 'ಆಲ್ಬರ್ಟಿನಾ' ಎಂಬ ಡಿಸಿ-6 ವಿಮಾನ ಸೆಪ್ಟೆಂಬರ್ 17ರ ರಾತ್ರಿ, ಕಾಗದದ ಮೇಲೆ ಬೇರೆ ಊರಿನ ಹೆಸರು ತೋರಿಸಿ, ರೇಡಿಯೋ ಮೌನ ಪಾಲಿಸಿ, ಸುತ್ತು ಬಳಸಿ ಹಾರಿತು. ಮಧ್ಯರಾತ್ರಿ ಕಳೆದು ಸುಮಾರು ಹತ್ತು ನಿಮಿಷಕ್ಕೆ ಎನ್‌ಡೋಲಾದ ಮೇಲೆ ಬಂದು, ನಿಮ್ಮ ದೀಪಗಳು ಕಾಣುತ್ತಿವೆ, ಇಳಿಯುತ್ತಿದ್ದೇವೆ ಎಂದು ತಿಳಿಸಿತು. ಆಮೇಲೆ ಸದ್ದಿಲ್ಲ.

ನಿಲ್ದಾಣದಲ್ಲಿ ಕಾದಿದ್ದ ಬ್ರಿಟಿಷ್ ಹೈಕಮಿಷನರ್ ಲಾರ್ಡ್ ಆಲ್ಪೋರ್ಟ್, ಅವರು ಮನಸ್ಸು ಬದಲಿಸಿ ಬೇರೆಡೆಗೆ ಹೋಗಿರಬೇಕು ಎಂದರು. ರಾತ್ರಿಯೇ ನಿಲ್ದಾಣ ಬಾಗಿಲು ಹಾಕಿತು. ಕೇವಲ ಹದಿನೈದು ಕಿಲೋಮೀಟರ್ ದೂರದಲ್ಲಿದ್ದ ಅವಶೇಷ ಅಧಿಕೃತವಾಗಿ ಪತ್ತೆಯಾದದ್ದು ಮರುದಿನ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ಒಳಗಿದ್ದ 16 ಜನರಲ್ಲಿ ಬದುಕಿದ್ದವರು ಒಬ್ಬರೇ, ಅಮೆರಿಕನ್ ಭದ್ರತಾ ಅಧಿಕಾರಿ ಹೆರಾಲ್ಡ್ ಜೂಲಿಯನ್. ಸ್ಫೋಟವಾಯಿತು, ಆಕಾಶದಲ್ಲಿ ಕಿಡಿಗಳಿದ್ದವು ಎಂದು ಹೇಳಿದ ಅವರೂ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಸತ್ತರು. ಅವರ ಮಾತನ್ನು ಜ್ವರದ, ಮದ್ದಿನ ಮಂಪರಿನ ಬಡಬಡಿಕೆ ಎಂದು ಬದಿಗಿಡಲಾಯಿತು. ಕಾಡಿನಲ್ಲಿ ಇದ್ದಲು ಸುಡುತ್ತಿದ್ದ ಕಪ್ಪು ಜನರು ಎರಡನೆಯ ವಿಮಾನವನ್ನೂ ಬೆಳಕಿನ ಹೊಳಹನ್ನೂ ಕಂಡೆವೆಂದರು. ರೊಡೇಷಿಯಾದ ಬಿಳಿಯರ ಸರ್ಕಾರದ ಆಯೋಗ ಅದನ್ನು ನಂಬಲಿಲ್ಲ. 1962ರ ಆರಂಭದಲ್ಲಿ ಅದು ಪೈಲಟ್ ತಪ್ಪಿನಿಂದ ತೀರಾ ಕೆಳಗಿಳಿದದ್ದೇ ಕಾರಣವೆಂದಿತು. ಅದೇ ವರ್ಷ ವಿಶ್ವಸಂಸ್ಥೆಯ ಸ್ವಂತ ಆಯೋಗ ಮಾತ್ರ ಯಾವ ಸಾಧ್ಯತೆಯನ್ನೂ ತಳ್ಳಿಹಾಕದೆ ಪ್ರಶ್ನೆಯನ್ನು ತೆರೆದೇ ಇಟ್ಟಿತು. 1961ರ ನೊಬೆಲ್ ಶಾಂತಿ ಪ್ರಶಸ್ತಿ ಮರಣೋತ್ತರವಾಗಿ ಅವರಿಗೆ ಸಂದಿತು.

ಆ ತೆರೆದ ಪ್ರಶ್ನೆ ಮತ್ತೆ ಜೀವ ಪಡೆದದ್ದು ಐವತ್ತು ವರ್ಷಗಳ ನಂತರ, ಬ್ರಿಟಿಷ್ ಇತಿಹಾಸಕಾರ್ತಿ ಸೂಸಾನ್ ವಿಲಿಯಮ್ಸ್ 2011ರಲ್ಲಿ ಹೊಸ ಸಾಕ್ಷ್ಯ ಮುಂದಿಟ್ಟಾಗ. 2013ರಲ್ಲಿ ಸರ್ ಸ್ಟೀಫನ್ ಸೆಡ್ಲಿ ನೇತೃತ್ವದ ಸ್ವತಂತ್ರ ನ್ಯಾಯವಾದಿಗಳ ಆಯೋಗ ಮರುತನಿಖೆಗೆ ಆಧಾರವಿದೆ ಎಂದಿತು. 2015ರಿಂದ ಈ ಹೊಣೆ ಹೊತ್ತವರು ತಾಂಜಾನಿಯಾದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೊಹಮ್ಮದ್ ಚಾಂದೆ ಒಥ್ಮಾನ್. ಹೊರಗಿನ ದಾಳಿ ಅಥವಾ ಬೆದರಿಕೆ ಕಾರಣವಾಗಿದ್ದಿರಬಹುದು ಎಂಬುದು ನಂಬಬಹುದಾದ ಸಾಧ್ಯತೆಯಾಗಿಯೇ ಉಳಿದಿದೆ ಎಂಬುದು ಅವರ ಎಚ್ಚರದ ಮಾತು. ಕೊಲೆ ನಡೆದಿದೆ ಎಂದು ಅವರು ಹೇಳಿಲ್ಲ, ನಾವೂ ಹೇಳಬಾರದು. ಆದರೂ ಅನುಮಾನಕ್ಕೆ ಎಡೆ ಏಕಿದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ವಿಮಾನದಲ್ಲಿ ಸಂಕೇತ ಭಾಷೆಯ ಸಿಎಕ್ಸ್-52 ಯಂತ್ರವೊಂದಿತ್ತು. ಅದನ್ನು ತಯಾರಿಸಿದ್ದು ಸ್ವೀಡಿಷ್ ಮೂಲದ ಬೋರಿಸ್ ಹ್ಯಾಗೆಲಿನ್ ಸ್ವಿಟ್ಜರ್ಲೆಂಡ್‌ನಲ್ಲಿ ಕಟ್ಟಿದ ಕಂಪನಿ. ಅದೇ ಕಂಪನಿ 1970ರಿಂದ ಸಿಐಎ ಮತ್ತು ಪಶ್ಚಿಮ ಜರ್ಮನಿಯ ಬೇಹುಗಾರಿಕೆ ಸಂಸ್ಥೆಯ ಗುಪ್ತ ಒಡೆತನದಲ್ಲಿತ್ತು ಎಂಬುದು 2020ರಲ್ಲಿ ಬಯಲಾಯಿತು. 1961ರಲ್ಲಿ ಹ್ಯಾಮರ್‌ಶೋಲ್ಡ್ ಅವರ ಸಂದೇಶಗಳನ್ನು ಯಾರು ಕದ್ದು ಕೇಳುತ್ತಿದ್ದರು ಎಂಬ ಪ್ರಶ್ನೆಗೆ ಇದು ಉತ್ತರವಲ್ಲ, ಆದರೆ ಆ ಪ್ರಶ್ನೆ ಕೇಳುವವರನ್ನು ಕಥೆ ಕಟ್ಟುವವರೆಂದು ನಗೆಯಾಡುವುದು ಈಗ ಕಷ್ಟ. ದಾಖಲೆ ಹುಡುಕಲು ಸ್ವತಂತ್ರ ಅಧಿಕಾರಿಗಳನ್ನು ನೇಮಿಸಿ ಎಂದು ಕೇಳಿದಾಗ ಹಲವು ರಾಷ್ಟ್ರಗಳು ಸಹಕರಿಸಿದವು. ಬಹಿರಂಗವಾಗದ ಮುಖ್ಯ ಮಾಹಿತಿ ಕೆಲವು ಸದಸ್ಯ ರಾಷ್ಟ್ರಗಳ ಬಳಿ ಇರುವುದು ಬಹುತೇಕ ನಿಶ್ಚಿತ ಎಂದು 2024ರ ವರದಿಯಲ್ಲೂ ಒಥ್ಮಾನ್ ಬರೆದಿದ್ದಾರೆ. ಬೆರಳು ತೋರಿಸಿರುವುದು ಮುಖ್ಯವಾಗಿ ಬ್ರಿಟನ್, ಅಮೆರಿಕ ಮತ್ತು ದಕ್ಷಿಣ ಆಫ್ರಿಕಾದ ಕಡೆಗೆ.

ಈ ಹಿನ್ನೆಲೆಯಲ್ಲಿ ಇವತ್ತಿನ ಹುದ್ದೆಯನ್ನು ನೋಡಬೇಕು. 2023ರ ಡಿಸೆಂಬರ್ 6ರಂದು ಗುಟೆರೆಸ್ ಗಾಜಾ ವಿಷಯದಲ್ಲಿ ಅದೇ 99ನೇ ವಿಧಿಯನ್ನು ಬಳಸಿ ಮಂಡಳಿಗೆ ಪತ್ರ ಬರೆದರು. ಎರಡು ದಿನಗಳ ನಂತರ ಕದನವಿರಾಮದ ಕರಡಿಗೆ 13 ಮತ ಬಿದ್ದವು, ಬ್ರಿಟನ್ ತಟಸ್ಥವಾಯಿತು, ಅಮೆರಿಕ ವಿಟೋ ಚಲಾಯಿಸಿತು. 1960ರಲ್ಲಿ ಎರಡು ದಿನದಲ್ಲಿ ಸೈನಿಕರು ಬಂದಿಳಿದಿದ್ದರು. 2023ರಲ್ಲಿ ಎರಡು ದಿನದಲ್ಲಿ ಕಾಗದ ವಾಪಸಾಯಿತು. ಹ್ಯಾಮರ್‌ಶೋಲ್ಡ್ ಧೀರ, ಗುಟೆರೆಸ್ ದುರ್ಬಲ ಎಂಬ ತೀರ್ಪು ಸುಲಭ, ಆದರೆ ತಪ್ಪು. ಕಾಂಗೋ ನಿರ್ಣಯ ಸಾಧ್ಯವಾದದ್ದು ಆ ರಾತ್ರಿ ವಿಟೋ ಇರುವ ಐವರಲ್ಲಿ ಯಾರೂ ಅಡ್ಡಗಾಲು ಹಾಕದ್ದರಿಂದ. ಆ ಸಹನೆ ಕೆಲವೇ ವಾರಗಳಲ್ಲಿ ತೀರಿದಾಗ ಅವರ ಬೆನ್ನಿಗೆ ನಿಂತದ್ದು ಆಗತಾನೇ ಸ್ವತಂತ್ರವಾಗಿ ಸಭೆಗೆ ಸೇರುತ್ತಿದ್ದ ಏಷ್ಯಾ-ಆಫ್ರಿಕಾದ ದೇಶಗಳು, ಮತ್ತು ಆ ಬೆಂಬಲಕ್ಕೆ ಬೆಲೆಯೂ ಇತ್ತು: ಕಾಂಗೋದಲ್ಲಿ 39 ಭಾರತೀಯ ಸೈನಿಕರು ಪ್ರಾಣ ಕೊಟ್ಟರು. ಅವರಲ್ಲೊಬ್ಬರಾದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ, ಹ್ಯಾಮರ್‌ಶೋಲ್ಡ್ ಸತ್ತು ಮೂರು ತಿಂಗಳೊಳಗೆ ಕಟಾಂಗದ ರಾಜಧಾನಿ ಎಲಿಜಬೆತ್‌ವಿಲ್‌ನಲ್ಲಿ ಮಡಿದು ಪರಮವೀರ ಚಕ್ರ ಪಡೆದರು. ಬಾಯಿಮಾತಿನ ನಿರ್ಣಯಗಳಾಚೆಗೆ ಅಂಥ ಬೆಂಬಲ ಕೊಡಬಲ್ಲ ದೇಶಗಳು ಈಗ ಎಷ್ಟಿವೆ ಎಂಬುದೇ ಹೊಸ ಪ್ರಧಾನ ಕಾರ್ಯದರ್ಶಿ ಎಷ್ಟು ಸ್ವತಂತ್ರರಾಗಿರಬಹುದು ಎಂಬುದನ್ನು ನಿರ್ಧರಿಸುವುದು.

ಸ್ವತಂತ್ರರಾಗಿರಲು ಹೊರಟವರ ಗತಿ ಏನೆಂಬುದಕ್ಕೆ 1996ರ ನೆನಪು ಸಾಕು: ಎರಡನೇ ಅವಧಿಗೆ ಆಗಿನ ಪ್ರಧಾನ ಕಾರ್ಯದರ್ಶಿ ಬುತ್ರೋಸ್ ಘಾಲಿ ಅವರಿಗೆ 15ರಲ್ಲಿ 14 ಮತ ಬಿದ್ದಿದ್ದವು, ಅಮೆರಿಕದ ಒಂದು ವಿಟೋ ಅವರನ್ನು ಮನೆಗೆ ಕಳಿಸಿತು. ಈಗ ಅಭ್ಯರ್ಥಿಗಳು ಸಾರ್ವಜನಿಕವಾಗಿ ಪ್ರಶ್ನೆಗಳನ್ನು ಎದುರಿಸುವ ಪದ್ಧತಿ ಬಂದಿದೆ. ಅರ್ಜೆಂಟೀನಾದ ರಫಾಯೆಲ್ ಗ್ರೊಸಿ, ಚಿಲಿಯ ಮಿಶೆಲ್ ಬ್ಯಾಚೆಲೆಟ್, ಕೋಸ್ಟರಿಕಾದ ರೆಬೆಕಾ ಗ್ರಿನ್‌ಸ್ಪಾನ್ ಮುಂತಾದ ಹೆಸರುಗಳು ಚರ್ಚೆಗೆ ಬಂದಿವೆ. ಆದರೂ ಸನ್ನದಿನ 97ನೇ ವಿಧಿ ಬದಲಾಗಿಲ್ಲ: ಭದ್ರತಾ ಮಂಡಳಿ ಶಿಫಾರಸು ಮಾಡಿದವರನ್ನೇ ಸಾಮಾನ್ಯ ಸಭೆ ನೇಮಿಸಬೇಕು. ಮುಚ್ಚಿದ ಬಾಗಿಲ ಹಿಂದೆ ಒಲವು ಅಳೆಯುವ ಮತದಾನ ಹಲವು ಸುತ್ತು ನಡೆಯುತ್ತದೆ, ಕೊನೆಯ ಹಂತದಲ್ಲಿ ಚೀಟಿಗಳಿಗೆ ಬಣ್ಣ ಬರುತ್ತದೆ. 2016ರ ಅಕ್ಟೋಬರ್‌ನಲ್ಲಿ ಗುಟೆರೆಸ್ ಆಯ್ಕೆಯಾದಾಗ ಹತ್ತು ಚುನಾಯಿತ ಸದಸ್ಯರಿಗೆ ಬಿಳಿ ಚೀಟಿ, ವಿಟೋ ಇರುವ ಐವರಿಗೆ ಕೆಂಪು ಚೀಟಿ ಕೊಡಲಾಗಿತ್ತು. ಒಥ್ಮಾನ್ ಅವರ ಪತ್ರಗಳಿಗೆ ಪೂರ್ಣ ಉತ್ತರ ಕೊಡಬೇಕಾದ ಮೂರು ರಾಷ್ಟ್ರಗಳಲ್ಲಿ ಎರಡರ ಕೈಯಲ್ಲಿ ಆ ಕೆಂಪು ಚೀಟಿ ಇದೆ.